ಬಿಟ್ಟು ಕಳುಹಿಸಿದರು ಎಂದರೆ ಖುಲಾಸೆಯಲ್ಲ



ಹೊಲದ ಬದುವಿನ ವಿಷಯಕ್ಕೆ ಮಾತು ಬೆಳೆದು ಒಬ್ಬನು ದೊಣ್ಣೆ ಎತ್ತಿದನೆಂದು ಇಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರು ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿದರು. ಆದರೆ ಮೊದಲ ತಪ್ಪೆಂದು ಕಂಡು, ಸೆರೆಮನೆಗೆ ಕಳುಹಿಸದೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಊರಿಗೆ ಬಂದವನು ಕೇಸು ಗೆದ್ದೆನೆಂದು ಸಕ್ಕರೆ ಹಂಚುತ್ತಾನೆ. ಅವನು ಗೆದ್ದಿಲ್ಲ. ತಪ್ಪು ಸಾಬೀತಾಗಿದೆ, ಶಿಕ್ಷೆ ಮಾತ್ರ ಮುಂದಕ್ಕೆ ಹೋಗಿದೆ.

ಇಂಥ ಬಿಡುಗಡೆ 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯ ಮೇರೆಗೆ ಆಗುವಂಥದು. ಮುಚ್ಚಳಿಕೆಯ ಅವಧಿ 3 ವರ್ಷಕ್ಕೆ ಮೀರುವಂತಿಲ್ಲ. ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದರೆ ಅದು 1 ವರ್ಷಕ್ಕೆ ಕಡಿಮೆ ಇರುವುದಿಲ್ಲ. ಎಲ್ಲಿ ವಾಸವಿರಬೇಕು, ಕುಡಿಯಬಾರದು ಎಂಬಂಥ ಷರತ್ತುಗಳೂ ಇರಬಹುದು. ಸಹಿ ಅಥವಾ ಹೆಬ್ಬೆಟ್ಟು ಒತ್ತುವ ಮುನ್ನ ಅವನ್ನು ಓದಿಸಿ ಕೇಳಿರಿ.

ನಿಜವಾಗಿಯೂ ನೀವು ತಪ್ಪು ಮಾಡಿಲ್ಲವೆಂದರೆ ಅಪೀಲು ಹೂಡುವ ಕಾಲ ಅದೇ. ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ ಸೆಶನ್ಸ್ ಕೋರ್ಟಿಗೆ 30 ದಿನಗಳೊಳಗೆ ಹೋಗಬೇಕು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಮೇಲಿನ ಕೋರ್ಟಿಗೆ ಪ್ರೊಬೇಷನ್ ತೆಗೆದು ಶಿಕ್ಷೆ ವಿಧಿಸುವ ಅಧಿಕಾರವೂ ಉಂಟು. ಆದ್ದರಿಂದ ವಕೀಲರೊಡನೆ ಆಲೋಚಿಸಿಯೇ ಮುಂದುವರಿಯಿರಿ.

ಅನೇಕರು ಆಗ ಸುಮ್ಮನಿರುತ್ತಾರೆ. ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು ದೂರದ ಊರಿಗೆ ಹೋಗುತ್ತಾರೆ, ಅಧಿಕಾರಿಗೆ ತಿಳಿಸುವುದಿಲ್ಲ. ಅಧಿಕಾರಿ ವರದಿ ಬರೆಯುತ್ತಾರೆ. ಕೋರ್ಟಿನಿಂದ ಸಮನ್ಸೋ ವಾರಂಟೋ ಹೊರಡುತ್ತದೆ. ಜಾಮೀನು ನಿಂತ ಭಾವಮೈದುನನಿಗೂ ಸಮನ್ಸು ಬರಬಹುದು, ಪಾಪ! ಷರತ್ತು ಮುರಿದದ್ದು ಮೊದಲ ಸಲವಾದರೆ 50 ರೂಪಾಯಿಗೆ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲು ಕೋರ್ಟಿಗೆ ಅವಕಾಶವಿದೆ. ಇಲ್ಲವೇ ಹಳೆಯ ದೊಣ್ಣೆಯೇಟಿಗೇ ಶಿಕ್ಷೆ ವಿಧಿಸಬಹುದು. ಹಾಗಾದರೆ ಇನ್ನೊಂದು ನಷ್ಟವೂ ಇದೆ. ಪ್ರೊಬೇಷನ್ ಮೇಲೆ ಬಿಡುಗಡೆಯಾದವನಿಗೆ ಆ ಅಪರಾಧದಿಂದ ಯಾವ ಅನರ್ಹತೆಯೂ ತಟ್ಟದಂತೆ ಕಾಯಿದೆಯ 12ನೆಯ ಕಲಮು ಕಾಪಾಡುತ್ತದೆ. ಆ ರಕ್ಷಣೆ ತಪ್ಪಿಹೋಗುತ್ತದೆ.

ಈ ವಿಚಾರಣೆಯಲ್ಲಿ "ನಾನು ಹೊಡೆದೇ ಇಲ್ಲ" ಎಂದರೆ ನಡೆಯದು. ಅಲ್ಲಿನ ಪ್ರಶ್ನೆ ಷರತ್ತು ಮುರಿದಿರೋ ಇಲ್ಲವೋ ಎಂಬುದು. ಆಸ್ಪತ್ರೆಯ ಚೀಟಿ, ಕೂಲಿ ಮೇಸ್ತ್ರಿಯ ಪತ್ರ, ಏನಿದ್ದರೂ ಅಲ್ಲಿಯೇ ಹಾಜರುಪಡಿಸಿರಿ. ಶಿಕ್ಷೆಯಾದರೆ ಅದರ ಮೇಲೆ ಅಪೀಲು ಹೋಗುವಾಗ ಅವೇ ಆಧಾರ: ಷರತ್ತು ಮುರಿದಿಲ್ಲ, ಮುರಿದರೂ ದಂಡ ಸಾಕಿತ್ತು, ಶಿಕ್ಷೆ ಹೆಚ್ಚಾಯಿತು ಎಂದು ವಾದಿಸಬಹುದು. ಮೊದಲ ತೀರ್ಪನ್ನೇ ಪ್ರಶ್ನಿಸಬೇಕೆಂದರೆ ತಡವಾದುದಕ್ಕೆ ತಕ್ಕ ಕಾರಣ ತೋರಿಸಿ ಕ್ಷಮೆ ಕೋರಬೇಕು. ಕೊಡುವುದು ಬಿಡುವುದು ಕೋರ್ಟಿಗೆ ಸೇರಿದ್ದು.

ಅಪೀಲು ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಅದನ್ನು ತಡೆಹಿಡಿದು ಜಾಮೀನಿನ ಮೇಲೆ ಬಿಡಬೇಕೆಂದು ಬೇರೆ ಅರ್ಜಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಏರ್ಪಾಡು ಇದೆ. ಸೆರೆಮನೆಯಲ್ಲಿರುವವರು ಅಲ್ಲಿನ ಅಧಿಕಾರಿಯ ಮೂಲಕವೇ ಅಪೀಲು ಕಳುಹಿಸಬಹುದು. ಅಂಥವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಖರ್ಚಿಲ್ಲದೆ ವಕೀಲರ ನೆರವು ದೊರೆಯುತ್ತದೆ.

ಇನ್ನು ಕಬ್ಬಿನ ಕೂಲಿಗೆ ಹೋಗಲೇಬೇಕಾದವರು ಗಂಟು ಕಟ್ಟುವ ಮುಂಚೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಿರಿ. ಅವರು ಅರ್ಜಿ ಹಾಕಿದರೆ ಷರತ್ತನ್ನು ಬದಲಾಯಿಸಲು ಕೋರ್ಟಿಗೆ ಅಧಿಕಾರವಿದೆ.