ಹಳೇ ಕಾರಿನ ಫೋಟೊ: ಪಾಲಿಶ್ ಬೇಡ, ಸಂಜೆ ಬಿಸಿಲು ಬೇಕು

ಮರುದಿನ ಗುಜರಿಗೆ ಹೋಗಲಿದ್ದ ಅಂಬಾಸಿಡರ್ ಒಂದರ ಫೋಟೊ ತೆಗೆಯೋಕೆ ಇಟಗಿಗೆ ಹೋಗಿದ್ದೆ. "ಪಾಲಿಶ್ ಮಾಡಿಸ್ಲೇನ್ರೀ?" ಅಂದ್ರು ಮಾಲೀಕರು. ಬೇಡ, ಸಂಜೆ ತನಕ ಕಾಯೋಣ ಅಂದೆ.

ಯಾಕೆ ಗೊತ್ತಾ? ಅಲ್ಲಿನ ಮಹಾದೇವ ದೇವಾಲಯ ನೋಡಿ, 1112ರಲ್ಲಿ ಕಟ್ಟಿದ್ದು. ನೆತ್ತಿ ಮೇಲಿನ ಬಿಸಿಲಲ್ಲಿ ಅದರ ಕೆತ್ತನೆ ಮಂಕು. ಓರೆ ಬಿಸಿಲು ಬಿದ್ದಾಗ ಎದ್ದು ಕಾಣುತ್ತೆ. ಅಂಬಾಸಿಡರ್‌ನ ದುಂಡು ಬಾನೆಟ್‌ಗೂ ಅದೇ ಲೆಕ್ಕ.

ಮಂಡಿಯೂರಿ ಕ್ಯಾಮೆರಾವನ್ನು ಹೆಡ್‌ಲೈಟ್ ಮಟ್ಟಕ್ಕೆ ಇಳಿಸಿ. ತೀರಾ ಹತ್ತಿರದಿಂದ ತೆಗೆದರೆ ಮೂತಿ ಊದಿಕೊಳ್ಳುತ್ತೆ. ಹಿಂದೆ ಸರಿದು ಜೂಮ್ ಮಾಡಿ. ಬಾಗಿಲಲ್ಲಿ ನಿಮ್ಮದೇ ಪ್ರತಿಬಿಂಬ ಕಂಡರೆ ಪಕ್ಕಕ್ಕೆ ಸರಿಯಿರಿ. ಗೀರು, ತುಕ್ಕು ಇರಲಿ. 2014ರಲ್ಲೇ ತಯಾರಿಕೆ ನಿಂತ ಕಾರಿನ ವಯಸ್ಸು ಕಾಣೋದು ಅಲ್ಲೇ.

ಕೊನೆಗೆ ಮಾಲೀಕರು ಕೇಳಿಕೊಂಡದ್ದು ಒಂದೇ ಫೋಟೊ: ಸವೆದ ಸ್ಟೀರಿಂಗ್ ಮೇಲೆ ತಮ್ಮ ಎರಡೂ ಕೈ.