ಹೊಂದಿಕೆಯನ್ನು ಅಳೆಯುವ ವಿದ್ಯೆ

ಜೇವರ್ಗಿಯ ಕಡೆ, ಭೀಮಾತೀರದ ಎರೆನೆಲದಲ್ಲಿ, ಎತ್ತು ಕೊಳ್ಳಲು ಹೊರಟ ಒಕ್ಕಲಿಗನ ಕಣ್ಣು ಸಂತೆಯ ಎತ್ತಿನ ಮೇಲಿದ್ದರೂ ಮನಸ್ಸು ಕೊಟ್ಟಿಗೆಯಲ್ಲಿ ಬಿಟ್ಟುಬಂದ ಎತ್ತಿನ ಮೇಲಿರುತ್ತದೆ. ಎತ್ತರ, ನಡೆ, ಸ್ವಭಾವಗಳಲ್ಲಿ ಇದು ಅದಕ್ಕೆ ಜೋಡಿಯಾದೀತೆ ಎಂಬುದೇ ಅವನ ಚಿಂತೆ. ಈ ಅರಿವು ಪುರಾತನವಾದುದು. ವ್ಯಕ್ತಿಯೊಬ್ಬನು ತನ್ನ ತಂಡಕ್ಕೆ ಎಷ್ಟು ಹೊಂದುತ್ತಾನೆಂಬುದನ್ನು ಸಂಖ್ಯೆಗಳಿಂದ ತಿಳಿಯುವ ವಿದ್ಯೆಯಾದರೋ ತೀರ ಈಚಿನದು.

1936ರಲ್ಲಿ ಕಲ್ಕತ್ತೆಯ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಹಲವು ಅಳತೆಗಳಿಂದ ಜನಸಮೂಹಗಳ ನಡುವಣ ಅಂತರವನ್ನು ಗಣಿಸುವ ಸೂತ್ರವೊಂದನ್ನು ಪ್ರಕಟಿಸಿದರು. ಉದ್ದ ಕಾಲಿನವನು ಸಾಮಾನ್ಯವಾಗಿ ಉದ್ದ ಕೈಯವನೂ ಆಗಿರುವುದರಿಂದ, ಅಳತೆಗಳನ್ನು ಸುಮ್ಮನೆ ಕೂಡಿದರೆ ಒಂದೇ ಸಂಗತಿಯನ್ನು ಎರಡು ಬಾರಿ ಎಣಿಸಿದಂತಾಗುವುದು. ಆ ದೋಷವನ್ನು ನಿವಾರಿಸಿದುದೇ ಸೂತ್ರದ ಹಿರಿಮೆ. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಜನಿಸಿದ ಸಿ. ಆರ್. ರಾವ್ ಅವರು, ಕೇಂಬ್ರಿಜ್ಜಿಗೆ ಹೋಗಿ ಸುಡಾನಿನ ಜೆಬೆಲ್ ಮೋಯದ ಪ್ರಾಚೀನ ಅಸ್ಥಿಗಳನ್ನು ಅಳೆಯುತ್ತ, ಹಲವು ಅಳತೆಗಳುಳ್ಳ ಒಬ್ಬ ವ್ಯಕ್ತಿಯನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದರ ವಿಧಾನವನ್ನು 1948ರಲ್ಲಿ ವಿಸ್ತರಿಸಿದರು. ನಮ್ಮ ನಾಡಿನ ಒಂದು ಸಣ್ಣ ಊರು ಇಂಥವರಿಗೆ ಜನ್ಮವಿತ್ತಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇವನು ಯಾವ ಗುಂಪಿನವನು ಎಂಬ ಪ್ರಶ್ನೆಗೂ ಈ ಗುಂಪಿನಲ್ಲಿ ಇವನು ಸುಖವಾಗಿ ದುಡಿಯುವನೆ ಎಂಬ ಪ್ರಶ್ನೆಗೂ ನಡುವೆ ಒಂದೇ ಹೆಜ್ಜೆಯೆಂದು ತೋರುತ್ತದೆ. ಆ ಹೆಜ್ಜೆಯಲ್ಲಿಯೇ ಸಂಶೋಧಕರು ಬಹುಕಾಲ ಎಡವಿದರು. ವ್ಯಕ್ತಿಯ ಅಂಕದಿಂದ ತಂಡದ ಅಂಕವನ್ನು ಕಳೆದು, ಉಳಿದುದನ್ನೇ ಹೊಂದಿಕೆಯೆಂದು ಕರೆದರು. ಎರಡು ಬಡಕಲು ಎತ್ತುಗಳ ನಡುವಣ ಅಂತರ ಸೊನ್ನೆ, ಎರಡು ಬಲಿಷ್ಠ ಎತ್ತುಗಳ ನಡುವಣ ಅಂತರವೂ ಸೊನ್ನೆ. ಎರೆಯನ್ನು ಸೀಳಬೇಕಾದ ನೇಗಿಲಿಗೆ ಈ ಸೊನ್ನೆಗಳು ಸಮಾನವಾದಾವೆ? ತಂಡವನ್ನು ಮೀರಿ ಓಡುವವನನ್ನೂ ಅದರ ಹಿಂದೆ ಉಳಿಯುವವನನ್ನೂ ಅಂತರದ ವರ್ಗವು ಒಂದೇ ಆಗಿ ಕಾಣುತ್ತದೆ. ಒಂದೇ ಅಂಕಿಯಲ್ಲಿ ಮಟ್ಟ, ಹರವು, ಆಕಾರಗಳು ಬೆರೆತುಹೋಗುವುದನ್ನು ಕ್ರಾನ್‌ಬಾಕ್ ಮತ್ತು ಗ್ಲೇಸರ್ 1953ರಲ್ಲಿಯೇ ವಿಶ್ಲೇಷಿಸಿ ತೋರಿಸಿದ್ದರು.

ಪರಿಹಾರದ ಬೀಜ ರಸಾಯನಶಾಸ್ತ್ರದಲ್ಲಿತ್ತು. ಬಾಕ್ಸ್ ಮತ್ತು ವಿಲ್ಸನ್ 1951ರಲ್ಲಿ ಪ್ರಯೋಗಫಲವನ್ನು ಏರುತಗ್ಗುಗಳ ನೆಲದಂತೆ ಚಿತ್ರಿಸಿದ್ದರು. ಎಡ್ವರ್ಡ್ಸ್ ಮತ್ತು ಪ್ಯಾರಿ 1993ರಲ್ಲಿ ಅದೇ ಕ್ರಮವನ್ನು ಮನುಷ್ಯರಿಗೆ ಅನ್ವಯಿಸಿದರು: ವ್ಯಕ್ತಿಯ ಅಳತೆ, ಅದರೊಡನೆ ಹೋಲಿಸುವ ಎದುರಿನ ಅಳತೆ, ಎರಡರ ವರ್ಗಗಳು, ಅವುಗಳ ಗುಣಲಬ್ಧ ಎಂಬ ಐದನ್ನು ಸಮೀಕರಣದಲ್ಲಿ ಪ್ರತ್ಯೇಕವಾಗಿಯೇ ಇರಿಸಿ, ಆ ನೆಲದ ಏಣು ಸರಿಸಮಾನತೆಯ ಗೆರೆಯ ಮೇಲೆ ಹಾಯುವುದೆ ಎಂದು ಪರೀಕ್ಷಿಸಿದರು. ಒಂದೇ ತಂಡದವರ ಉತ್ತರಗಳು ಪರಸ್ಪರ ಹೋಲುವುದರಿಂದ ಬಹುಸ್ತರ ವಿಶ್ಲೇಷಣೆಯೂ ಇದರೊಡನೆ ಕೂಡಿಕೊಂಡಿತು.

ತೊಗರಿ ಕೊಯ್ಲಿಗೆ ಗುಂಪುಕಟ್ಟಿ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳ ದುಡಿಮೆಯನ್ನು ಅಭ್ಯಸಿಸಲು ಕಲಬುರಗಿಯ ತರುಣ ವಿದ್ಯಾರ್ಥಿಗಳು ಮುಂದೆ ಬರಲಿ. ಬಂದಾಗ, ಒಬ್ಬಳ ವೇಗವನ್ನೂ ಅವಳ ಗುಂಪಿನ ವೇಗವನ್ನೂ ಬೇರೆಬೇರೆ ಸಾಲುಗಳಲ್ಲಿಯೇ ಬರೆದುಕೊಳ್ಳಲಿ.