ಕೇಳುವ ಕಾವ್ಯ: ಗಮಕವೂ ರೋಲಾಂನ ಹಾಡೂ

ಹಳೆಯ ಕಾವ್ಯವನ್ನು ರಾಗವಾಗಿ ಓದಿ, ಅರ್ಥ ಬಿಡಿಸಿ ಹೇಳುವ ಕಲೆ ಗಮಕ. ಪದ್ಯ ವಾಚಿಸಲು ಒಬ್ಬ ಗಮಕಿ, ಅರ್ಥ ಹೇಳಲು ಒಬ್ಬ ವ್ಯಾಖ್ಯಾನಕಾರ, ಹಿನ್ನೆಲೆಗೆ ಶ್ರುತಿ, ಇಷ್ಟಿದ್ದರೆ ಕೂಟ ನಡೆಯುತ್ತದೆ. ತಾಳದ ಹಂಗಿಲ್ಲ. ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಗಳು ಈ ಕಲೆಗೆ ಹೆಸರಾದವು, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನವರಿಗೆ ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನದ ನೆನಪು ಇನ್ನೂ ಇದೆ.

ಗಮಕಿಗಳ ಮುಖ್ಯ ಗ್ರಂಥ 15ನೇ ಶತಮಾನದ ಕುಮಾರವ್ಯಾಸನ ಭಾರತ. ಹತ್ತು ಪರ್ವ, ಉದ್ದಕ್ಕೂ ಭಾಮಿನಿ ಷಟ್ಪದಿ. ಆರು ಸಾಲಿನಲ್ಲಿ ನಾಲ್ಕಕ್ಕೆ 14 ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ 23. ಮೂರು-ನಾಲ್ಕು ಮಾತ್ರೆಗಳ ಈ ನಡೆ ಪದವನ್ನು ನಡುವೆಯೇ ತುಂಡರಿಸುತ್ತದೆ. ಛಂದಸ್ಸು ಕಡಿದಲ್ಲಿ ಗಮಕಿ ನಿಲ್ಲುವಂತಿಲ್ಲ, ಅರ್ಥ ಮುಗಿದಲ್ಲೇ ನಿಲ್ಲಬೇಕು. ಕಲಿಯುವವರು ಎಡವುವುದು ರಾಗದಲ್ಲಿ ಕಡಿಮೆ, ಇಲ್ಲೇ ಹೆಚ್ಚು.

ವಿರಾಟಪರ್ವದ ಉತ್ತರಕುಮಾರನನ್ನೇ ನೋಡಬಹುದು. ಹೆಂಗಸರ ನಡುವೆ ಕೂತು ಕೌರವರನ್ನು ಹುರಿದು ಮುಕ್ಕುವವನಂತೆ ಅವನು ಕೊಚ್ಚಿಕೊಳ್ಳುವಾಗ ಗಮಕಿಯ ದನಿ ಅಠಾಣದಂಥ ವೀರದ ರಾಗದಲ್ಲಿ ಏರುತ್ತದೆ. ಶತ್ರುಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಧುಮುಕಿ ಓಡುವ ಅದೇ ರಾಜಕುಮಾರನಿಗೆ ಅದೇ ರಾಗ ಒಗ್ಗದು. ದನಿ ಇಳಿಯಬೇಕು, ಸಾಲು ತಡವರಿಸಬೇಕು. ನಗು ಬರುವುದು ಆ ಇಳಿತದಲ್ಲಿ. ಪುಸ್ತಕ ಹಿಡಿದು ಮನಸ್ಸಿನಲ್ಲೇ ಓದಿದವರಿಗೆ ಅದರ ಅರ್ಧ ಸಿಕ್ಕೀತು.

ಕುಮಾರವ್ಯಾಸನ ನಡುಗನ್ನಡ ಇಂದಿನ ಕೇಳುಗರಿಗೆ ಅರೆಬರೆ ಪರಿಚಿತ. ಹಾಗಾಗಿ ವ್ಯಾಖ್ಯಾನವೂ ಒಂದು ಬಗೆಯ ಅನುವಾದವೇ, ಅಲ್ಲೇ ಕೂತು ಮಾಡಿದ್ದು. ಮೂಲದ ನಾದ ಕಿವಿಯಲ್ಲಿ ಇರುವಾಗಲೇ ಅರ್ಥವೂ ಬಂದು ಸೇರುತ್ತದೆ.

ಫ್ರಾನ್ಸಿನ ಮಧ್ಯಯುಗದ ವೀರಕಾವ್ಯಗಳಿಗೆ ಈ ಭಾಗ್ಯ ಉಳಿಯಲಿಲ್ಲ. ಅವುಗಳಲ್ಲಿ ಹೆಸರಾದದ್ದು ಸುಮಾರು 1100ರಲ್ಲಿ ರೂಪುಗೊಂಡ ‘ರೋಲಾಂನ ಹಾಡು’. ಅದರ ಹಳೆಯ ಪ್ರತಿ ಆಕ್ಸ್‌ಫರ್ಡಿನಲ್ಲಿದೆ, ಸುಮಾರು ನಾಲ್ಕು ಸಾವಿರ ಸಾಲು. 778ರಲ್ಲಿ ದೊರೆ ಶಾರ್ಲಮೇನನ ಹಿಂದಳದ ಮೇಲೆ ಪಿರನೀಸ್ ಕಣಿವೆಯಲ್ಲಿ ಬಾಸ್ಕರು ಬಿದ್ದರು. ಆ ದಳದ ನಾಯಕ ರೋಲಾಂನ ಕತೆ ಹೇಳುವ ಕವಿತೆಯಲ್ಲಿ ಶತ್ರುಗಳು ಮುಸ್ಲಿಮರಾದರು. ಜೊಂಗ್ಲರ್ ಎಂಬ ಊರೂರು ತಿರುಗುವ ಗಾಯಕರು ಇಂಥವನ್ನು ಹಾಡುತ್ತಿದ್ದರು. ಪ್ರತಿ ಸಾಲಿಗೂ ಒಂದೇ ಮಟ್ಟು ಎಂದು 1300ರ ಸುಮಾರಿಗೆ ಸಂಗೀತ ಶಾಸ್ತ್ರಕಾರ ಯೊಹಾನೆಸ್ ದ ಗ್ರೊಕೆಯೊ ಬರೆದ. ಆ ಮಟ್ಟುಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಒಂದು ಅಣಕುಕಾವ್ಯದ ಒಂದೇ ಸಾಲಿನ ಸ್ವರ, ನಾಟಕವೊಂದರೊಳಗೆ ಸೇರಿದ್ದರಿಂದ, ಉಳಿದುಕೊಂಡಿದೆ.

ದನಿ ಹೋದದ್ದು ಅನುವಾದದಲ್ಲಿ ಎದ್ದು ಕಾಣುತ್ತದೆ. ಸಾಯುವ ಹೊತ್ತಿನಲ್ಲಿ ರೋಲಾಂ ದಂತದ ಕೊಂಬನ್ನು ಊದುತ್ತಾನೆ. ಬಾಯಲ್ಲಿ ರಕ್ತ, ಕಣತಲೆ ಬಿರಿಯುತ್ತದೆ, ಮೂವತ್ತು ಹರದಾರಿ ದೂರಕ್ಕೆ ಸದ್ದು ಕೇಳುತ್ತದೆ. ಈ ಊದುವಿಕೆ ಬೆನ್ನುಬೆನ್ನಿಗೆ ಮೂರು ಪದ್ಯಖಂಡಗಳಲ್ಲಿ ಬರುತ್ತದೆ. ಮೌನವಾಗಿ ಓದುವವನಿಗೆ ಅದು ಪುನರುಕ್ತಿ. ಗಮಕ ಕೇಳಿದವರಿಗೆ ಹಾಗನಿಸದು. ಗಮಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿ ಸನ್ನಿವೇಶವನ್ನು ಹಿಡಿದು ನಿಲ್ಲಿಸುವುದು ಅವರಿಗೆ ಗೊತ್ತು.

ಈ ಫ್ರೆಂಚ್ ಪದ್ಯಖಂಡಕ್ಕೆ ಇಷ್ಟೇ ಸಾಲು ಎಂಬ ಕಟ್ಟಿಲ್ಲ. ಸಾಲುಗಳ ಕೊನೆಯ ಸ್ವರ ಮಾತ್ರ ಒಂದೇ. 1919ರಲ್ಲಿ ಇಂಗ್ಲಿಷಿಗೆ ತಂದ ಸ್ಕಾಟ್ ಮಾಂಕ್ರೀಫ್ ಆ ಸ್ವರಪ್ರಾಸವನ್ನೂ ಉಳಿಸಲು ಹೆಣಗಿದರು. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸದ ಮುಖ್ಯ ಜಾಗ ಸಾಲಿನ ಎರಡನೆಯ ಅಕ್ಷರ, ಹೀಗಾಗಿ ಕನ್ನಡಕ್ಕೆ ತರುವುದಾದರೆ ಆ ಹಟಕ್ಕೆ ಅರ್ಥವಿಲ್ಲ. ಷಟ್ಪದಿಯ ಆರು ಸಾಲಿನ ಚೌಕಟ್ಟೂ ಇಕ್ಕಟ್ಟು. ಹೊಂದುವುದು ಕವಿ ಹರಿಹರನ ರಗಳೆ: ಸಾಲಿಗೆ ಲೆಕ್ಕವಿಲ್ಲ, ಓಟವಿದೆ, ಗಮಕಿಗಳ ಬಾಯಿಗೂ ಅದು ಪಳಗಿದ್ದು.